ಒಂದೇ ಹೊಲ, ಮೂರು ಲೋಹಶೋಧಕ

ಹೊಲದ ಹೆಸರು ಹೇಳುವುದಿಲ್ಲ. ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್‌ನಲ್ಲಿದೆ, 1640ರ ದಶಕದ ಅಂತರ್ಯುದ್ಧದಲ್ಲಿ ಅಲ್ಲೊಂದು ಸಣ್ಣ ಚಕಮಕಿ ನಡೆದಿತ್ತು, ಇಷ್ಟು ಸಾಕು. ಹೆಸರು ಬರೆದರೆ ರಾತ್ರೋರಾತ್ರಿ ಬಂದು ಅಗೆದುಕೊಂಡು ಹೋಗುವವರಿದ್ದಾರೆ. ಇಲ್ಲಿ ಅವರನ್ನು ನೈಟ್‌ಹಾಕ್ ಎನ್ನುತ್ತಾರೆ. ನಮ್ಮ ಕಡೆಯ ನಿಧಿಗಳ್ಳರ ಬಳಗವೇ.

ನಮ್ಮದು ಪುರಾತತ್ವಜ್ಞೆಯೊಬ್ಬರ ಉಸ್ತುವಾರಿಯಲ್ಲಿ, ಹೊಲದೊಡೆಯರ ಲಿಖಿತ ಒಪ್ಪಿಗೆ ಪಡೆದು, ಆ ಚಕಮಕಿಯಲ್ಲಿ ಬಿದ್ದ ಗುಂಡುಗಳ ನಕ್ಷೆ ಮಾಡಲು ನಡೆದ ಸಮೀಕ್ಷೆ. ಸಂರಕ್ಷಿತ ಸ್ಮಾರಕದ ಜಾಗವಾಗಿದ್ದರೆ ಒಡೆಯರ ಒಪ್ಪಿಗೆಯೂ ಸಾಲದು. ಸರ್ಕಾರದ ಅನುಮತಿಯಿಲ್ಲದೆ ಅಲ್ಲಿ ಲೋಹಶೋಧಕ ಬಳಸುವುದು 1979ರ ಕಾಯ್ದೆಯಂತೆ ಅಪರಾಧ.

ಮೂರು ಬಗೆಯ ಯಂತ್ರಗಳು ಒಟ್ಟಿಗೆ ಕೈಗೆ ಸಿಕ್ಕಿದ್ದರಿಂದ ಒಂದು ಪರೀಕ್ಷೆ ಮಾಡಿದೆ. ಒಂದು ಪಟ್ಟಿಯಷ್ಟು ನೆಲಕ್ಕೆ ಹಗ್ಗ ಕಟ್ಟಿ, ಮೂರನ್ನೂ ಒಂದಾದ ಮೇಲೊಂದರಂತೆ ಅದರ ಮೇಲೆ ನಡೆಸಿದೆ. ಸದ್ದು ಬಂದ ಕಡೆ ಯಂತ್ರಕ್ಕೊಂದು ಬಣ್ಣದ ಬಾವುಟ. ಮೂರೂ ಮುಗಿಯುವವರೆಗೆ ಒಂದು ಹಿಡಿ ಮಣ್ಣನ್ನೂ ಕದಲಿಸಲಿಲ್ಲ. ಅರ್ಧ ದಿನ ಬಗ್ಗಿ ಬಾವುಟ ನೆಟ್ಟ ಸೊಂಟ ಮಾತ್ರ ಇನ್ನೂ ದೂರುತ್ತಿದೆ.

ಮೊದಲನೆಯದು ನೆಲಕ್ಕೆ ಒಂದೇ ಆವರ್ತನದ ಅಲೆ ಕಳಿಸುವ ಹಳೆಯ ಯಂತ್ರ, ಸುಮಾರು 7 ಕಿಲೋಹರ್ಟ್ಸ್. ಹಗುರ, ಅಗ್ಗ, ನಾಲ್ಕು ಸಣ್ಣ ಬ್ಯಾಟರಿಗಳಲ್ಲಿ ದಿನವಿಡೀ ಓಡುತ್ತದೆ. ಮಸ್ಕೆಟ್ ಕೋವಿಯ ಗುಂಡನ್ನು ಸಲೀಸಾಗಿ ಹಿಡಿಯಿತು. ಅದೇನು ಸಣ್ಣದಲ್ಲ: ಒಂದು ಪೌಂಡ್ ಸೀಸಕ್ಕೆ ಹನ್ನೆರಡು ಗುಂಡುಗಳೆಂಬ ಲೆಕ್ಕದಲ್ಲಿ ಒಂದೊಂದೂ ಸುಮಾರು 38 ಗ್ರಾಂ, 19 ಮಿಲಿಮೀಟರ್, ಮಕ್ಕಳಾಡುವ ಗೋಲಿಯಷ್ಟು. ಆದರೆ ಕುದುರೆ ಸವಾರರ ಪಿಸ್ತೂಲಿನ ಸಣ್ಣ ಗುಂಡು ಮೊಳೆಯ ಪಕ್ಕದಲ್ಲಿ ಬಿದ್ದಿದ್ದರೆ ಈ ಯಂತ್ರಕ್ಕೆ ಗೊತ್ತೇ ಆಗಲಿಲ್ಲ. ಇದೊಂದನ್ನೇ ನಂಬಿದ್ದರೆ ನಮ್ಮ ನಕ್ಷೆಯಲ್ಲಿ ಕುದುರೆ ಸವಾರರೇ ಇರುತ್ತಿರಲಿಲ್ಲ.

ಎರಡನೆಯದು ಹಲವು ಆವರ್ತನಗಳನ್ನು ಏಕಕಾಲಕ್ಕೆ ಕಳಿಸುವಂಥದ್ದು. ಬೆಲೆ ಮೊದಲನೆಯದರ ಹಲವು ಪಟ್ಟು. ಒದ್ದೆ ಜೇಡಿಮಣ್ಣಿನಲ್ಲೂ ಗೊಣಗಲಿಲ್ಲ. ಕಬ್ಬಿಣದ ಚೂರುಗಳ ನಡುವೆ ಅಡಗಿದ್ದ ಸೀಸವನ್ನು ಬೇರ್ಪಡಿಸಿ ಹೇಳಿತು. ಬಟಾಣಿಗಿಂತ ತುಸು ದಪ್ಪದ ಗುಂಡುಗಳೆಲ್ಲ ಇದರ ಬಾವುಟದ ಕೆಳಗೇ ಸಿಕ್ಕವು. ಇದರಲ್ಲಿ ಕಬ್ಬಿಣದ ಸದ್ದನ್ನು ಅಡಗಿಸುವ ಸೌಲಭ್ಯವಿದೆ, ಕಿವಿಗೆ ಹಿತ. ನಾನು ಅದನ್ನು ಆಫ್ ಮಾಡಿಟ್ಟೆ. ಸೈನಿಕ ಬಿಟ್ಟುಹೋದದ್ದು ಸೀಸವೊಂದೇ ಅಲ್ಲವಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಹಳೆಯ ಬಾವಿಯೊಂದನ್ನು ಪುರಾತತ್ವ ಇಲಾಖೆಯವರು ಅಗೆದಾಗ ಹೊರಬಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳ ಕೊಳವೆಗಳೆಲ್ಲ ಕಬ್ಬಿಣದವು. ಕಬ್ಬಿಣವೆಂದರೆ ಕಸ ಎಂದುಕೊಂಡವನಿಗೆ ಅಂಥದ್ದು ಕಂಡೀತೆ?

(ಹಾಗಾದರೆ ಈ ಯಂತ್ರವನ್ನು ಶ್ರೀರಂಗಪಟ್ಟಣಕ್ಕೆ ತಾ ಎಂದು ಊರಿನ ಭಾವ ಪ್ರತಿ ವರ್ಷ ಕರೆಯುತ್ತಾರೆ. ಕೋಟೆಯ ಸಂರಕ್ಷಿತ ನೆಲದಲ್ಲಿ ಅಗೆಯುವುದಕ್ಕೆ ನಾನು ಯಾರು? ಹೊರಗೆಲ್ಲೋ ನಿಧಿ ಸಿಕ್ಕಿದರೂ ಜಿಲ್ಲಾಧಿಕಾರಿಗೆ ತಿಳಿಸಬೇಕೆನ್ನುತ್ತದೆ ಕರ್ನಾಟಕದ 1962ರ ನಿಧಿ ಕಾಯ್ದೆ. ಭಾವನಿಗೆ ಇದು ಹೇಡಿಯ ನೆಪದಂತೆ ಕೇಳಿಸುತ್ತದೆ.)

ಮೂರನೆಯದು ಪಲ್ಸ್ ಇಂಡಕ್ಷನ್, ಅಂದರೆ ಸತತ ಅಲೆಯ ಬದಲು ಬಿಡಿಬಿಡಿ ಮಿಡಿತಗಳನ್ನು ನೆಲಕ್ಕೆ ಕಳಿಸುವಂಥದ್ದು. ಗೆಳೆಯರೊಬ್ಬರು ಕಡಲ ದಂಡೆಯ ಉಪ್ಪು ಮರಳಿಗಾಗಿ ಇಟ್ಟುಕೊಂಡದ್ದು. ಆಳಕ್ಕಿಳಿಯುವುದರಲ್ಲಿ ಉಳಿದೆರಡೂ ಇದಕ್ಕೆ ಸಾಟಿಯಲ್ಲ. ಆದರೆ ಯಾವ ಲೋಹವೆಂದು ಸರಿಯಾಗಿ ಹೇಳುವುದಿಲ್ಲ. ಲಾಳದ ಮೊಳೆಗೂ ಟ್ರ್ಯಾಕ್ಟರ್ ಬೋಲ್ಟಿಗೂ ಒಂದೇ ಉತ್ಸಾಹ. ಪೇಚಿಗಿಟ್ಟುಕೊಂಡದ್ದು ಅದರ ಆ ಆಳವೇ. ನೇಗಿಲು ಕಲಕುವ ಮೇಲಿನ 25–30 ಸೆಂಟಿಮೀಟರ್ ಮಣ್ಣಿನಲ್ಲಿ ಮಾತ್ರ ನಮ್ಮ ಸನಿಕೆ ಆಡಬಹುದು. ಅದರ ಕೆಳಗಿನ ಪದರ ಕದಲದೆ ಉಳಿದಿರುವುದರಿಂದ ಅದು ಪುರಾತತ್ವಜ್ಞರ ಪಾಲು. ಮುಟ್ಟಬಾರದ ಕಡೆಗೇ ಕೈ ಎಳೆಯುವ ಯಂತ್ರವನ್ನು, ಎಷ್ಟೇ ಶಕ್ತಿಶಾಲಿಯಾದರೂ, ನಾನು ಹೊಲಕ್ಕೆ ಒಯ್ಯುವುದಿಲ್ಲ.

ಜಾಗ ಗುರುತಿಸಲು ಮೊಬೈಲು ಮತ್ತು ಕೈಯಲ್ಲಿ ಹಿಡಿಯುವ ಜಿಪಿಎಸ್, ಎರಡನ್ನೂ ಬಳಸಿದೆ. ಬಯಲಿನಲ್ಲಿ ಮೊಬೈಲೂ ಕೆಲವೇ ಮೀಟರುಗಳ ಅಂತರದಲ್ಲಿ ಹೇಳಿತು, ಆದರೆ ಮಳೆ ಹನಿಗೂ ಕೆಸರು ಬೆರಳಿಗೂ ಮುನಿಯಿತು. ಜಿಪಿಎಸ್ಸೇ ಮೇಲು. ಈ ತಲೆನೋವೆಲ್ಲ ಏಕೆಂದರೆ, ಗುಂಡು ಎಲ್ಲಿತ್ತೆಂಬುದೇ ಅದು ಹೇಳುವ ಸುದ್ದಿ. ಚಪ್ಪಟೆಯಾದದ್ದು ಬಡಿದು ಬಿದ್ದದ್ದು. ದುಂಡಗೇ ಉಳಿದದ್ದು ಬಹುಪಾಲು ಕೈಜಾರಿದ್ದು. ದುಂಡನೆಯವು ಒಂದು ಸಾಲಿನಲ್ಲಿ ಸಿಕ್ಕರೆ ಪಡೆ ಅಲ್ಲಿ ನಿಂತು ಕೋವಿ ತುಂಬುತ್ತಿತ್ತೆಂದು ಊಹಿಸಬಹುದು. ಜೇಬಿಗಿಳಿಸಿ ಮನೆಗೆ ಒಯ್ದರೆ ಉಳಿಯುವುದು 38 ಗ್ರಾಂ ಸೀಸ.

ಹಲ್ಲಿನ ಗುರುತಿದ್ದ ಒಂದು ಗುಂಡೂ ಸಿಕ್ಕಿತು. ನೋವು ತಡೆಯಲು ಗಾಯಾಳು ಕಚ್ಚಿದ್ದೆಂದು ನಾನು ಕಣ್ಣು ತುಂಬಿಕೊಂಡೆ. ಇಂಥವು ಹೆಚ್ಚಾಗಿ ಹಂದಿಗಳು ಅಗಿದವು ಎಂದರು ಪುರಾತತ್ವಜ್ಞೆ.

ಶುಚಿ ಮಾಡುವುದರಲ್ಲೂ ಎರಡು ದಾರಿ ನೋಡಿದೆ. ಹಿಂದೆಂದೋ ಸಿಕ್ಕಿದ ಒಂದು ಗುಂಡನ್ನು ವಿನೆಗರಿನಲ್ಲಿ ನೆನೆಸಿ ಹೊಳೆಯಿಸಿದ್ದೆ. ಬೂದು ಬಿಳಿಯ ಪೊರೆಯ ಜೊತೆಗೆ ಎರಕದ ಅಚ್ಚಿನ ಗೆರೆಯೂ ಮಾಸಿತು. ಆ ಪೊರೆಯೇ ಸೀಸಕ್ಕೆ ರಕ್ಷೆ ಎಂಬುದು ಆಮೇಲೆ ತಿಳಿಯಿತು. ಈ ಸಲ ನೆರಳಿನಲ್ಲಿ ಆರಿಸಿ, ಮೆತ್ತನೆಯ ಬ್ರಷ್‌ನಿಂದ ಮಣ್ಣು ಉದುರಿಸಿದ್ದಷ್ಟೇ. ಕೈಗವಸು ಕಡ್ಡಾಯ, ಸೀಸ ವಿಷ. ಇಡುವುದು ಪಾಲಿಥೀನ್ ಚೀಲದಲ್ಲಿ. ಓಕ್ ಮರದ ಚೆಂದದ ಪೆಟ್ಟಿಗೆ ಬೇಡ, ಅದು ಬಿಡುವ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ಕಬ್ಬಿಣದ ಚೂರುಗಳು ತೇವ ಹೀರುವ ಸಿಲಿಕಾ ಜೆಲ್ ಜೊತೆ ಬೇರೆ ಡಬ್ಬಿಯಲ್ಲಿ.

ಗುಂಡುಗಳೆಲ್ಲ ತೂಕ, ಅಳತೆ, ಜಾಗದ ಅಂಕಿಗಳೊಂದಿಗೆ ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್ ಎಂಬ ಯೋಜನೆಯ ಸ್ಥಳೀಯ ಅಧಿಕಾರಿಯ ಮೇಜು ಸೇರಿವೆ. ಪಲ್ಸ್ ಯಂತ್ರ ಗೆಳೆಯರ ಕಡಲ ದಂಡೆಗೆ ಮರಳಿದೆ. ಹಳೆಯ ಯಂತ್ರವನ್ನು ಹೊಲದೊಡೆಯರ ಮೊಮ್ಮಗಳು ಕೇಳಿದಳು. ಮೊದಲು ಬಾವುಟ ನೆಡುವುದನ್ನು ಕಲಿ ಎಂದಿದ್ದೇನೆ.