ಮೂರು ಹಾರ್ನ್, ಒಂದೇ ಕೋಣೆ: ಮಾಡಿ, ಕೇಳಿ, ಮತ್ತೆ ಬಿಚ್ಚಿ ನೋಡಿದ ಹೋಲಿಕೆ

ಮೂರು ವರ್ಷದಲ್ಲಿ ಮೂರು ಜೋಡಿ ಹಾರ್ನ್ ಸ್ಪೀಕರ್ ಮಾಡಿದೆ. ಮೊದಲನೆಯದು ಬ್ಯಾಕ್ ಲೋಡೆಡ್ ಹಾರ್ನ್. ಅಂದರೆ ಬೇಸ್‌ನಿಂದ ಟ್ರೆಬಲ್‌ವರೆಗೆ ಎಲ್ಲವನ್ನೂ ನುಡಿಸುವ ಒಂದೇ ಒಂದು ಫುಲ್ ರೇಂಜ್ ಡ್ರೈವರ್ (ಸದ್ದು ಹೊರಡಿಸುವ ಘಟಕ), ಅದರ ಬೆನ್ನಿಗೆ ಪೆಟ್ಟಿಗೆಯೊಳಗೇ ಮಡಚಿಟ್ಟ ಉದ್ದನೆಯ ದಾರಿ. ಎರಡನೆಯದು 15 ಇಂಚಿನ ವೂಫರ್ ಪೆಟ್ಟಿಗೆ, ಅದರ ಮೇಲೆ ಮರದ ಟ್ರ್ಯಾಕ್ಟ್ರಿಕ್ಸ್ ಹಾರ್ನ್. ಮೂರನೆಯದರಲ್ಲಿ ಅದೇ ಮಾದರಿಯ ವೂಫರ್, ಅದೇ ಮಾದರಿಯ ಕಂಪ್ರೆಷನ್ ಡ್ರೈವರ್ (ಹಾರ್ನ್‌ನ ಕಿರಿದಾದ ತುದಿಗೆ ಕೂರಿಸುವ, ಮೇಲಿನ ಸ್ವರಗಳ ಡ್ರೈವರ್), ಹಾರ್ನ್ ಮಾತ್ರ ಬೇರೆ: ಸದ್ದನ್ನು 90 ಡಿಗ್ರಿ ಅಗಲಕ್ಕೆ ಹರಡುವ ವೇವ್‌ಗೈಡ್. ಮೂರನ್ನೂ ಒಂದೇ ಕೋಣೆಯಲ್ಲಿ, ನಾಲ್ಕು ಚಾನಲ್‌ನ ಒಂದೇ ಆಂಪ್ಲಿಫೈಯರ್‌ಗೆ ಸಿಕ್ಕಿಸಿ ಕೇಳಿದ್ದೇನೆ. ಇದರಲ್ಲಿ ಯಾವುದು ಚೆನ್ನಾಗಿದೆ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳೋದು, ನೀವು ಎಲ್ಲಿ ಕೂತು ಕೇಳ್ತೀರಿ ಅಂತ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ದೂರದವರನ್ನು ಕೂಗುವಾಗ ಎರಡೂ ಅಂಗೈ ಬಾಯಿಗೆ ಅಡ್ಡ ಹಿಡಿಯುತ್ತೇವಲ್ಲ, ಹಾರ್ನ್ ಮಾಡೋದೂ ಅದೇ ಕೆಲಸ. ಬರೀ ಕೋನ್‌ಗೆ ಗಾಳಿ ತೀರಾ ಹಗುರ. ಎಷ್ಟು ತಳ್ಳಿದರೂ ಹಿಡಿತ ಸಿಗೋದಿಲ್ಲ, ಕೊಟ್ಟ ಪವರ್‌ನಲ್ಲಿ ಬಹುಪಾಲು ಬಿಸಿಯಾಗಿ ಹೋಗುತ್ತದೆ. ಹಾರ್ನ್‌ನ ಗಂಟಲು ಆ ಹಿಡಿತ ಕೊಡುತ್ತದೆ, ಅಲ್ಲಿಂದ ಬಾಯಿಯವರೆಗೆ ನಿಧಾನವಾಗಿ ಅಗಲವಾಗುತ್ತಾ ಸದ್ದನ್ನು ಕೋಣೆಗೆ ದಾಟಿಸುತ್ತದೆ. ಸಾಮಾನ್ಯ ಪೆಟ್ಟಿಗೆ 1 ವ್ಯಾಟ್‌ಗೆ 88 ಡೆಸಿಬೆಲ್ ಕೊಡುವಲ್ಲಿ ನನ್ನ ಕಂಪ್ರೆಷನ್ ಡ್ರೈವರ್ ಹಾರ್ನ್ ಸಮೇತ 108 ಕೊಡುತ್ತದೆ. 20 ಡೆಸಿಬೆಲ್ ಅಂತರ ಅಂದರೆ ಪವರ್ ಲೆಕ್ಕದಲ್ಲಿ ನೂರು ಪಟ್ಟು! 300ಬಿ ಅನ್ನುವ ಗಾಜಿನ ವಾಲ್ವ್‌ನ 8 ವ್ಯಾಟ್ ಆಂಪ್ಲಿಫೈಯರ್ ಇಟ್ಟುಕೊಂಡವರು ಹಾರ್ನ್ ಹಿಂದೆ ಬೀಳೋದು ಸುಮ್ನೆ ಅಲ್ಲ.

ಮೊದಲು ಬ್ಯಾಕ್ ಲೋಡೆಡ್. ಬೇಸ್ ಒಂದು ಡ್ರೈವರ್‌ಗೆ, ಟ್ರೆಬಲ್ ಇನ್ನೊಂದಕ್ಕೆ ಅಂತ ಹಂಚುವ ಕ್ರಾಸ್‌ಓವರ್ ಇಲ್ಲ, ಡ್ರೈವರ್ ಒಂದೇ, ಬರೀ ಮರಗೆಲಸ. ಅದಕ್ಕೇ ಹೊಸಬರೆಲ್ಲ ಇಲ್ಲಿಂದ ಶುರು ಮಾಡೋದು, ನಾನೂ ಅಷ್ಟೇ. 18 ಮಿಲಿಮೀಟರ್ ಪ್ಲೈವುಡ್, ಆರೂವರೆ ಇಂಚಿನ ಡ್ರೈವರ್, ಒಳಗೆ 2.4 ಮೀಟರ್ ದಾರಿ. ಡ್ರೈವರ್ ಆರಿಸುವಾಗ ಕ್ಯೂಟಿಎಸ್ (ಕೋನ್‌ನ ಅಲುಗಾಟಕ್ಕೆ ಎಷ್ಟು ಕಡಿವಾಣ ಇದೆ ಅನ್ನುವ ಅಳತೆ, ಅಂಕಿ ಕಡಿಮೆ ಇದ್ದಷ್ಟೂ ಕಡಿವಾಣ ಹೆಚ್ಚು) ಕಡಿಮೆ ಇರೋದನ್ನೇ ನೋಡಬೇಕು, 0.2 ರಿಂದ 0.3ರ ಆಸುಪಾಸು. ಅಂದರೆ ಮ್ಯಾಗ್ನೆಟ್ ಬಲವಾಗಿರಬೇಕು. ಇಲ್ಲದಿದ್ದರೆ ಬೇಸ್ ಗುಡುಗುಡು ಅನ್ನುತ್ತದೆ.

ಕೇಳಿದ ಮೊದಲ ದಿನ ನಿಜವಾಗಲೂ ಬೆರಗಾದೆ. ಒಂಟಿ ದನಿ, ಒಂಟಿ ವಯಲಿನ್ ಹಾಕಿದರೆ ಎದುರಿಗೇ ನಿಂತ ಹಾಗೆ. ಒಂದೇ ಬಿಂದುವಿನಿಂದ ಎಲ್ಲಾ ಸದ್ದೂ ಬರುವುದರ ಸುಖವೇ ಬೇರೆ, ಉಳಿದ ಎರಡಕ್ಕೂ ಇದು ಇವತ್ತಿಗೂ ಬಂದಿಲ್ಲ. ವಾರ ಕಳೆದ ಮೇಲೆ ಕಿರಿಕಿರಿ ಶುರುವಾಯಿತು. ಗಂಡಸರ ದನಿಯಲ್ಲಿ ಮಬ್ಬು, ಯಾರೋ ಪೀಪಾಯಿಯೊಳಗೆ ತಲೆ ಹಾಕಿ ಹಾಡಿದಂತೆ. ಡ್ರೈವರ್ ಹಿಂದಿನ ಚೇಂಬರ್ ಮತ್ತು ಗಂಟಲು ಸೇರಿ ಒಂದು ಫಿಲ್ಟರ್ ಆಗುತ್ತದೆ, ಬೇಸ್ ಮಾತ್ರ ಹಾರ್ನ್‌ಗೆ ಬಿಟ್ಟು ಮೇಲಿನದನ್ನು ತಡೆಯುತ್ತದೆ. ನನ್ನ ಗಂಟಲು 80 ಚದರ ಸೆಂಟಿಮೀಟರ್, ಚೇಂಬರ್ ಬರೀ 2 ಲೀಟರ್. ಲೆಕ್ಕ ಹಾಕಿದರೆ ತಡೆ ಶುರುವಾಗೋದೇ ಸುಮಾರು 220 ಹರ್ಟ್ಸ್‌ನಲ್ಲಿ, ಅಂದರೆ ದನಿಯ ಒಂದು ಭಾಗ ಹಾರ್ನ್‌ನ ಬಾಯಿಂದಲೂ ಹೊರಗೆ ಬರುತ್ತಿತ್ತು, ಅದೂ 7 ಮಿಲಿಸೆಕೆಂಡ್ ತಡವಾಗಿ! ಪುಣ್ಯಕ್ಕೆ ಒಂದು ಪಕ್ಕದ ಹಲಗೆಯನ್ನು ಗೋಂದು ಹಾಕದೆ ಸ್ಕ್ರೂ ಮಾತ್ರ ಹಾಕಿ ಕೂರಿಸಿದ್ದೆ. ಬಿಚ್ಚಿ, ಚೇಂಬರ್ ಒಳಗಿನ ಮರದ ತುಂಡು ತೆಗೆದು 3.5 ಲೀಟರ್ ಮಾಡಿದೆ, ತಡೆ 125 ಹರ್ಟ್ಸ್ ಹತ್ತಿರಕ್ಕೆ ಇಳಿಯಿತು. ಮೊದಲ ತಿರುವಿನಲ್ಲಿ ಉಣ್ಣೆಯ ಫೆಲ್ಟ್ ಅಂಟಿಸಿದೆ. ಮಬ್ಬು ಮುಕ್ಕಾಲು ಪಾಲು ಹೋಯಿತು. ಇದನ್ನು ಮಾಡುವವರು ಚೇಂಬರ್ ಬೇಕಂತಲೇ ದೊಡ್ಡದಾಗಿ ಮಾಡಿ, ಒಳಗೆ ಮರದ ತುಂಡು ಇಟ್ಟು ತೆಗೆದು ಹೊಂದಿಸಿಕೊಳ್ಳಿ. ಚಿಕ್ಕದಾಗಿ ಮಾಡಿ ಅಂಟಿಸಿಬಿಟ್ಟರೆ ಗರಗಸವೇ ಗತಿ.

ಹೋಗದೆ ಉಳಿದದ್ದು 145 ಹರ್ಟ್ಸ್ ಹತ್ತಿರ ಸದ್ದು ಕುಸಿಯುವ ಗುಂಡಿ. ಅಲ್ಲಿ ಅಲೆಯ ಉದ್ದ ಸರಿಯಾಗಿ ನನ್ನ ಹಾರ್ನ್‌ನ ಉದ್ದದಷ್ಟೇ ಇದೆ. ಕೋನ್‌ನ ಹಿಂದಿನ ಸದ್ದು ಮುಂದಿನದಕ್ಕೆ ಉಲ್ಟಾ, ಪೂರ್ತಿ ಒಂದು ಅಲೆಯಷ್ಟು ತಡವಾಗಿ ಬಂದರೂ ಉಲ್ಟಾ ಆಗಿಯೇ ಇರುತ್ತದೆ, ಹಾಗಾಗಿ ಎರಡೂ ಒಂದನ್ನೊಂದು ತಿನ್ನುತ್ತವೆ. ಇದು ವಿನ್ಯಾಸದ ಜೊತೆಗೇ ಹುಟ್ಟಿದ ದೋಷ, ಫೆಲ್ಟ್ ಹಾಕಿ ಹೋಗುವಂಥದ್ದಲ್ಲ. ಇನ್ನು ಮೇಲಿನ ಕಿರುಚು, 2ರಿಂದ 4 ಕಿಲೋಹರ್ಟ್ಸ್ ನಡುವೆ. ಅದಕ್ಕೆ ಡ್ರೈವರ್ ದಾರಿಯಲ್ಲಿ 0.5 ಮಿಲಿಹೆನ್ರಿ ಕಾಯಿಲ್, ಅದಕ್ಕೆ ಅಡ್ಡಲಾಗಿ 4 ಓಮ್ ರೆಸಿಸ್ಟರ್ ಹಾಕಿದೆ. 8 ಓಮ್ ಡ್ರೈವರ್‌ಗೆ ಇದು ಮೇಲುಗಡೆ ಹೆಚ್ಚೆಂದರೆ 3.5 ಡೆಸಿಬೆಲ್ ಇಳಿಸುತ್ತದೆ. ‘ಡ್ರೈವರ್‌ಗೂ ಆಂಪ್ಲಿಫೈಯರ್‌ಗೂ ನಡುವೆ ಏನೂ ಇರಬಾರದು’ ಅನ್ನುವ ವ್ರತದವರು ಬೈಯಬಹುದು. ಬೈಯಲಿ, ನನ್ನ ಕಿವಿಗೆ ಹಿತವಾಯಿತು.

ಎರಡನೆಯದು ಟ್ರ್ಯಾಕ್ಟ್ರಿಕ್ಸ್. ಹಗ್ಗದ ತುದಿಗೆ ಕಲ್ಲು ಕಟ್ಟಿ ಪಕ್ಕಕ್ಕಿಟ್ಟು, ಇನ್ನೊಂದು ತುದಿ ಹಿಡಿದು ನೇರ ಗೆರೆಯಲ್ಲಿ ನಡೆದರೆ ಕಲ್ಲು ಎಳೆದುಕೊಂಡು ಬರುವ ದಾರಿ ಇದೆಯಲ್ಲ, ಅದೇ ಈ ಬಾಗು. ಇದನ್ನು ಸ್ಪೀಕರ್‌ಗೆ ತಂದವರು ಬ್ರಿಟನ್ನಿನ ಪಾಲ್ ವಾಯ್ಟ್, 1920ರ ದಶಕದಲ್ಲಿ. ಒಂದಿಂಚಿನ ಗಂಟಲು, 400 ಹರ್ಟ್ಸ್ ಕಟಾಫ್ (ಅದಕ್ಕಿಂತ ಕೆಳಗೆ ಹಾರ್ನ್ ಹಿಡಿತ ಕೊಡದು) ಇಟ್ಟುಕೊಂಡರೆ ಉದ್ದ 28 ಸೆಂಟಿಮೀಟರ್, ಬಾಯಿಯ ಅಡ್ಡಳತೆ 27. 18 ಮಿಲಿಮೀಟರ್ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) 16 ಉಂಗುರ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಒಳಗಿನ ಮೆಟ್ಟಿಲು ಹೋಗುವ ತನಕ ಉಪ್ಪು ಕಾಗದ ಉಜ್ಜೋದು. ಎರಡು ಹಾರ್ನ್‌ಗೆ 32 ಉಂಗುರ. ಧೂಳು ಹೇಗಿರುತ್ತೆ ಅಂತ ಕೇಳಬೇಡಿ, ಮುಖಕ್ಕೆ ಮಾಸ್ಕ್ ಇಲ್ಲದೆ ಎಂಡಿಎಫ್ ಮುಟ್ಟಲೇಬೇಡಿ. ಬಾಯಿ ಕಡೆ ಸ್ವಲ್ಪ ಡೊಂಕಾದರೂ ನಡೆಯುತ್ತೆ, ಗಂಟಲ ಮೊದಲ 3 ಸೆಂಟಿಮೀಟರ್ ಮಾತ್ರ ಕ್ಷಮಿಸೋದಿಲ್ಲ. ಡ್ರೈವರ್ ತೂತಿಗೂ ಹಾರ್ನ್ ತೂತಿಗೂ ಒಂದು ಮಿಲಿಮೀಟರ್ ಅಂಚು ಉಳಿದಿತ್ತು. ಮೈಕ್ ಇಟ್ಟು ಅಳೆದಾಗ ಮೇಲಿನ ಆಕ್ಟೇವ್‌ನಲ್ಲಿ (ಆಕ್ಟೇವ್ ಅಂದರೆ ಹರ್ಟ್ಸ್ ದುಪ್ಪಟ್ಟಾಗುವಷ್ಟು ಅಂತರ) ಗ್ರಾಫ್‌ನ ಗೆರೆ ಗರಗಸದ ಹಲ್ಲಿನಂತೆ ಕಂಡಿತು. ಉಜ್ಜಿದ ಮೇಲೆ ಸರಿಹೋಯಿತು.

ಇಲ್ಲೇ ಒಂದು ದಂಡವನ್ನೂ ಕಟ್ಟಿದೆ. ಚಾನಲ್ ತಂತಿ ಅದಲು ಬದಲಾಗಿ ಬೇಸ್ ಎಲ್ಲಾ ಕಂಪ್ರೆಷನ್ ಡ್ರೈವರ್‌ಗೆ ಹೋಯಿತು. ಟಪ್ ಅಂದಿತು, ಡಯಾಫ್ರಮ್, ಅಂದರೆ ಒಳಗೆ ಅದುರುವ ತೆಳು ಪೊರೆ, ಸೀಳಿತು. ಈಗ ಎರಡೂ ಕಂಪ್ರೆಷನ್ ಡ್ರೈವರ್‌ಗೆ ಬೇಸ್ ತಡೆಯಲು 40 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಕಾವಲಿದೆ.

ಕ್ರಾಸ್‌ಓವರ್ 1200 ಹರ್ಟ್ಸ್, ಸಣ್ಣ ಡಿಎಸ್‌ಪಿ (ಸದ್ದನ್ನು ಡಿಜಿಟಲ್ ಆಗಿ ಹಂಚಿ ತಿದ್ದುವ) ಡಬ್ಬದಲ್ಲಿ. ಕಂಪ್ರೆಷನ್ ಡ್ರೈವರ್ ಹಾರ್ನ್‌ನ ಹಿಂತುದಿಯಲ್ಲಿ ಕೂತಿರುವುದರಿಂದ ಅದರ ಸದ್ದು ವೂಫರ್‌ಗಿಂತ ತಡವಾಗಿ ಬರುತ್ತದೆ. ವೂಫರ್ ಕೋನ್ ಕೂಡ 10 ಸೆಂಟಿಮೀಟರ್ ಒಳಗಿದೆ ಅಂತ ಹಿಡಿದರೆ ಉಳಿದ 18 ಸೆಂಟಿಮೀಟರ್‌ಗೆ ಅರ್ಧ ಮಿಲಿಸೆಕೆಂಡ್. ಅಷ್ಟು ಡಿಲೇ ವೂಫರ್‌ಗೆ ಕೊಟ್ಟ ಕೂಡಲೇ ಡ್ರಮ್ ಏಟು ಒಂದೇ ಏಟಾಯಿತು, ಅಲ್ಲಿಯವರೆಗೆ ಕೋಲಿನ ಸದ್ದು ಬೇರೆ, ಚರ್ಮದ ಸದ್ದು ಬೇರೆ ಕೇಳುತ್ತಿತ್ತು. ಪಿಯಾನೋದ ಜೋರು ಸ್ವರಗಳು, ಟ್ರಂಪೆಟ್‌ನಂಥ ಹಿತ್ತಾಳೆ ವಾದ್ಯಗಳು, ಇವುಗಳಿಗೆ ಟ್ರ್ಯಾಕ್ಟ್ರಿಕ್ಸ್ ಹತ್ತಿರ ಬ್ಯಾಕ್ ಲೋಡೆಡ್ ನಿಲ್ಲೋದೇ ಇಲ್ಲ. ಎಷ್ಟು ಜೋರು ಮಾಡಿದರೂ ಒತ್ತಡ ಕಾಣದು.

ಒಂದು ದಿನ ನನ್ನ ತಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿ, “ಅಣ್ಣಾ, ಇಲ್ಲಿಗೆ ಹಾಡು ಪಕ್ಕದ ರೂಮಿಂದ ಬಂದ ಹಾಗಿದೆ ಕಣೋ” ಅಂದ. ಹೋಗಿ ಕೂತೆ. ಹೌದು. ತಾಳದ ಮಿನುಗೆಲ್ಲ ಮಾಯ.

ಇದರ ಕಾರಣ ತಿಳಿದ ಮೇಲೇ ನಾನು ಮೂರನೆಯದನ್ನು ಮಾಡಿದ್ದು. ಕಂಪ್ರೆಷನ್ ಡ್ರೈವರ್‌ನ ಡಯಾಫ್ರಮ್‌ಗೂ ತೂಕ ಇದೆ, ಹಾಗಾಗಿ 3-4 ಕಿಲೋಹರ್ಟ್ಸ್ ದಾಟಿದ ಮೇಲೆ ಅದು ಹೊರಡಿಸುವ ಒಟ್ಟು ಸದ್ದು ಪ್ರತಿ ಆಕ್ಟೇವ್‌ಗೆ 6 ಡೆಸಿಬೆಲ್‌ನಂತೆ ಇಳಿಯುತ್ತಾ ಹೋಗುತ್ತದೆ. ಟ್ರ್ಯಾಕ್ಟ್ರಿಕ್ಸ್ ಮೇಲೆ ಹೋದಷ್ಟೂ ಸದ್ದನ್ನು ಟಾರ್ಚ್ ಬೆಳಕಿನಂತೆ ಕಿರಿದು ಮಾಡುತ್ತದೆ. ಉಳಿದಷ್ಟನ್ನೂ ಒಟ್ಟುಗೂಡಿಸಿ ನೇರ ಎದುರಿಗೆ ಕಳಿಸುವುದರಿಂದ ನಡುವೆ ಕೂತವನಿಗೆ ಗೆರೆ ಸಪಾಟಾಗಿಯೇ ಕಾಣುತ್ತದೆ, ಈಕ್ವಲೈಸರ್ ಬೇಕೇ ಆಗೋದಿಲ್ಲ. ಅಂದರೆ ಪಕ್ಕದವನ ಪಾಲು ಕಿತ್ತು ನನಗೆ ಬಡಿಸುತ್ತಿತ್ತು, ಅಲ್ವಾ? ವೇವ್‌ಗೈಡ್ ಹಾಗೆ ಮಾಡದು. 90 ಡಿಗ್ರಿ ಅಂದರೆ ಬಹುಮಟ್ಟಿಗೆ ಎಲ್ಲಾ ಸ್ವರಕ್ಕೂ 90 ಡಿಗ್ರಿಯೇ. ಅದಕ್ಕೆ ಎಲ್ಲರಿಗೂ ಸ್ವಲ್ಪ ಕಡಿಮೆ ಟ್ರೆಬಲ್, ಅದನ್ನು ನಾವೇ ಡಿಎಸ್‌ಪಿಯಲ್ಲಿ ಏರಿಸಿಕೊಡಬೇಕು.

ಮಾಡೋದಕ್ಕೂ ಇದು ಸುಲಭ. ಅಮೆರಿಕದ ಸ್ಪೀಕರ್ ವಿನ್ಯಾಸಕ ಅರ್ಲ್ ಗೆಡ್ಡಿಸ್ ಪ್ರಚಾರಕ್ಕೆ ತಂದ ಓಬ್ಲೇಟ್ ಸ್ಫೆರಾಯ್ಡ್ ಆಕಾರ, ಹೆಸರು ಕೇಳಿ ಹೆದರಬೇಡಿ. 90 ಡಿಗ್ರಿಗೆ ಸೂತ್ರ ಇಷ್ಟೇ: ಗಂಟಲಿನ ತ್ರಿಜ್ಯದ ವರ್ಗ, ಗಂಟಲಿಂದ ಇರುವ ದೂರದ ವರ್ಗ, ಎರಡನ್ನೂ ಕೂಡಿ ವರ್ಗಮೂಲ ತೆಗೆದರೆ ಆ ಜಾಗದ ತ್ರಿಜ್ಯ. ಹತ್ತು ಉಂಗುರದಲ್ಲಿ ಮುಗಿಯಿತು. ಬಾಯಿಯ ಅಂಚನ್ನು ದೊಡ್ಡದಾಗಿ ಉರುಟು ಮಾಡಲೇಬೇಕು, ಅಡ್ಡಳತೆ ಒಟ್ಟು 38 ಸೆಂಟಿಮೀಟರ್ ಆಯಿತು. 15 ಇಂಚಿನ ವೂಫರ್ ಸದ್ದೂ 1200 ಹರ್ಟ್ಸ್ ಆಸುಪಾಸಿನಲ್ಲಿ ಅಷ್ಟೇ ಅಗಲಕ್ಕೆ ಕಿರಿದಾಗುವುದರಿಂದ ಎರಡೂ ಬೆಸೆದ ಜಾಗ ಗೊತ್ತೇ ಆಗೋದಿಲ್ಲ. ತಮ್ಮನ ಕುರ್ಚಿಗೂ ಹಾಡು ಬಂತು. ಕೋಣೆಯಲ್ಲಿ ಓಡಾಡುತ್ತಾ ಕೇಳಿದರೂ ದನಿ ಅದೇ ದನಿ.

ಆದರೆ ನಡುವಿನ ಕುರ್ಚಿಯಲ್ಲಿ, ಕಣ್ಣು ಮುಚ್ಚಿ, ಅದೇ ವಯಲಿನ್ ಹಾಕಿ ಹೋಲಿಸಿದಾಗ ಟ್ರ್ಯಾಕ್ಟ್ರಿಕ್ಸ್‌ನಲ್ಲಿದ್ದ ಹತ್ತಿರತನ ಇದರಲ್ಲಿ ಇಲ್ಲ. ಟ್ರ್ಯಾಕ್ಟ್ರಿಕ್ಸ್‌ನಿಂದ ಗೋಡೆಗೆ ಕಡಿಮೆ ಸದ್ದು ಹೋಗೋದು ಆ ಹತ್ತಿರತನಕ್ಕೆ ಕಾರಣ ಇರಬೇಕು. ಡಿಎಸ್‌ಪಿಯಲ್ಲಿ ಎರಡನ್ನೂ ಒಂದೇ ಗೆರೆಗೆ ತಂದು ನೋಡಿದೆ, ಆಗಲೂ ಅಂತರ ಉಳಿಯಿತು.

ಬೇಸ್‌ಗೂ ಹಾರ್ನ್ ಯಾಕೆ ಮಾಡಲಿಲ್ಲ ಅಂತ ಕೇಳಬಹುದು. ಹಾರ್ನ್‌ನ ಲೆಕ್ಕ ಹಾಕುವ ಹಾರ್ನ್‌ರೆಸ್ಪ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಡೇವಿಡ್ ಮೆಕ್‌ಬೀನ್ ಬರೆದದ್ದು. ಅದರಲ್ಲಿ ಹಾಕಿ ನೋಡಿದೆ. 40 ಹರ್ಟ್ಸ್ ಅಲೆ 8.6 ಮೀಟರ್ ಉದ್ದ, ಬಯಲಲ್ಲಿ ಅದಕ್ಕೆ ಬೇಕಾದ ಬಾಯಿ ಅಡ್ಡಳತೆಯಲ್ಲಿ 2.7 ಮೀಟರ್! ಮೂಲೆಗೆ ಇಟ್ಟರೆ ಗೋಡೆ ನೆಲಗಳೇ ಹಾರ್ನ್‌ನ ಮುಂದುವರಿಕೆ ಆಗುವುದರಿಂದ ಬಾಯಿಯ ವಿಸ್ತೀರ್ಣ ಎಂಟನೇ ಒಂದು ಭಾಗ ಸಾಕು. ಪಾಲ್ ಕ್ಲಿಪ್ಷ್ 1940ರ ದಶಕದಲ್ಲಿ ಮಾಡಿದ ಕ್ಲಿಪ್ಷ್‌ಹಾರ್ನ್ ಇದೇ ಉಪಾಯದ್ದು. ನನ್ನ ಕೋಣೆಯ ಒಂದು ಮೂಲೆಯಲ್ಲಿ ಬಾಗಿಲಿದೆ. ಕಥೆ ಅಲ್ಲಿಗೆ ಮುಗಿಯಿತು.

ಈಗ ದೊಡ್ಡ ಕೋಣೆಯಲ್ಲಿ ವೇವ್‌ಗೈಡ್ ಉಳಿದಿದೆ, ಮನೆಮಂದಿಯೆಲ್ಲ ಕೇಳುವ ಜಾಗ ಅದು. ಬ್ಯಾಕ್ ಲೋಡೆಡ್ ಜೋಡಿಯನ್ನು ತಮ್ಮ ಒಯ್ದ. ಟ್ರ್ಯಾಕ್ಟ್ರಿಕ್ಸ್ ಅನ್ನು ಒಬ್ಬನೇ ಕೂರುವ ಚಿಕ್ಕ ರೂಮಿಗೆ ತಂದಿದ್ದೇನೆ, ಆದರೆ ಅಲ್ಲಿ ಕುರ್ಚಿಗೂ ಸ್ಪೀಕರ್‌ಗೂ ನಡುವೆ 2 ಮೀಟರ್ ಕೂಡ ಇಲ್ಲ. ಅಷ್ಟು ಹತ್ತಿರದಲ್ಲಿ ಹಾರ್ನ್ ಮೇಲಿಂದ, ವೂಫರ್ ಕೆಳಗಿಂದ ಬೇರೆ ಬೇರೆಯಾಗಿ ಕೇಳುತ್ತವೆ. 12 ಇಂಚಿನ ವೂಫರ್ ಹಾಕಿ ಪೆಟ್ಟಿಗೆ ಗಿಡ್ಡ ಮಾಡಿ, ಹಾರ್ನ್ ಅನ್ನು ಅದಕ್ಕೆ ಹತ್ತಿರ ಇಳಿಸಬೇಕು. ಹಲಗೆ ಕತ್ತರಿಸಿಟ್ಟಿದ್ದೇನೆ, ಈ ಸಲ ಪಕ್ಕದ ಹಲಗೆಗಳೆಲ್ಲಾ ಸ್ಕ್ರೂ ಮೇಲೆ.