ಇಕಾರಸ್: ಬಿಗಿದ ಬಾಟಲಿ ತೆರೆದದ್ದು ಹೇಗೆ?

ಬ್ರಯಾನ್ ಫೋಗೆಲ್ ನಿರ್ದೇಶನದ ‘ಇಕಾರಸ್’ (2017) ನೆಟ್‌ಫ್ಲಿಕ್ಸ್‌ ಸಾಕ್ಷ್ಯಚಿತ್ರ. ಅವಧಿ ಎರಡು ಗಂಟೆ. 2018ರಲ್ಲಿ ಆಸ್ಕರ್ ಪಡೆಯಿತು. ಕ್ರೀಡೆ ಪ್ರೀತಿಸುವವರು ನೋಡಲೇಬೇಕು, ಆದರೆ ಆರಂಭಕ್ಕೆ ತಾಳ್ಮೆ ಬೇಕು.

ಮೊದಲು ಫೋಗೆಲ್ ತಾವೇ ಉದ್ದೀಪನ ಮದ್ದು ಚುಚ್ಚಿಕೊಂಡು ಆಲ್ಪ್ಸ್‌ನಲ್ಲಿ ಏಳು ದಿನದ ಹವ್ಯಾಸಿ ಸೈಕಲ್ ರೇಸ್‌ಗೆ ಇಳಿಯುತ್ತಾರೆ. ಗೇರ್ ಕೈಕೊಟ್ಟು, ಮದ್ದಿಲ್ಲದೆ ಓಡಿಸಿದ ವರ್ಷಕ್ಕಿಂತ ಹಿಂದೆ ಬೀಳುತ್ತಾರೆ. ಒಬ್ಬ ಮನುಷ್ಯ, ಎರಡು ರೇಸ್: ಇಷ್ಟರಿಂದ ಮದ್ದಿನ ಪರಿಣಾಮ ಅಳೆಯಲಾಗದು. ಈ ಭಾಗವನ್ನು ಅರ್ಧಕ್ಕೆ ಇಳಿಸಬಹುದಿತ್ತು. ಆದರೆ ಅವರಿಗೆ ಸಲಹೆ ಕೊಡುತ್ತಿದ್ದವರು ಮಾಸ್ಕೋದ ಮದ್ದುಪತ್ತೆ ಪ್ರಯೋಗಾಲಯದ ಮುಖ್ಯಸ್ಥ ಗ್ರಿಗರಿ ರಾಡ್ಚೆಂಕೋವ್. 2015ರ ನವೆಂಬರ್‌ನಲ್ಲಿ ರಷ್ಯಾದ ಮದ್ದುಸೇವನೆ ಕುರಿತು ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ತನಿಖಾ ವರದಿ ಬಂದ ಬೆನ್ನಿಗೇ ಅವರು ಕೆಲಸ ಬಿಟ್ಟು ಅಮೆರಿಕಕ್ಕೆ ಓಡಿಬರುತ್ತಾರೆ. ಅಲ್ಲಿಂದ ಚಿತ್ರ ಕಣ್ಣು ಕೀಳಲು ಬಿಡುವುದಿಲ್ಲ.

2014ರ ಸೋಚಿ ಒಲಿಂಪಿಕ್ಸ್‌ನ ಒಳಗುಟ್ಟೇ ಚಿತ್ರದ ತಿರುಳು. ರಷ್ಯಾದ ಕ್ರೀಡಾಪಟುಗಳಿಗೆ ಕೊಟ್ಟದ್ದು ಮೆಟೆನೊಲೋನ್, ಟ್ರೆನ್‌ಬೊಲೋನ್, ಆಕ್ಸಾಂಡ್ರೊಲೋನ್ ಎಂಬ ಮೂರು ಸ್ಟೀರಾಯ್ಡ್‌ಗಳ ಮಿಶ್ರಣ, ಗಂಡಸರಿಗೆ ವಿಸ್ಕಿಯಲ್ಲಿ, ಹೆಂಗಸರಿಗೆ ವರ್ಮೂತ್ ಎಂಬ ವೈನ್‌ನಲ್ಲಿ. ತಿಂಗಳುಗಳ ಮೊದಲೇ ಅವರ ಶುದ್ಧ ಮೂತ್ರ ಸಂಗ್ರಹಿಸಿ ಶೈತ್ಯದಲ್ಲಿಟ್ಟಿದ್ದರು. ಪರೀಕ್ಷೆಯಾದ ಕೂಡಲೇ ಕ್ರೀಡಾಪಟು ತನ್ನ ಮಾದರಿಯ ಸಂಖ್ಯೆ ಕಳಿಸಬೇಕು. ರಾತ್ರಿ, ಸೋಚಿ ಪ್ರಯೋಗಾಲಯದ ಭದ್ರತಾ ವಲಯದೊಳಗಿನ 125ನೇ ಕೋಣೆಯ ಗೋಡೆಯ ಬುಡದ ತೂತಿನಿಂದ ಬಾಟಲಿ ಪಕ್ಕದ 124ಕ್ಕೆ ದಾಟುತ್ತಿತ್ತು. ಒಮ್ಮೆ ಬಿಗಿದರೆ ಒಡೆದೇ ತೆಗೆಯಬೇಕಾದ ಮುಚ್ಚಳವನ್ನು ರಷ್ಯಾದ ಭದ್ರತಾ ಸಂಸ್ಥೆ ಎಫ್‌ಎಸ್‌ಬಿಯ ಗೂಢಚಾರರು ಒಡೆಯದೆ ತೆರೆದು ತರುತ್ತಿದ್ದರು. ಹಳೆಯದನ್ನು ಚೆಲ್ಲಿ ಶುದ್ಧ ಮೂತ್ರ ತುಂಬಿದರೂ ಕೆಲಸ ಮುಗಿಯದು. ಮಾದರಿ ಪಡೆಯುವಾಗಲೇ ಮೂತ್ರದ ಸಾಂದ್ರತೆ ನಮೂನೆಯಲ್ಲಿ ದಾಖಲಾಗಿರುತ್ತದೆ. ಅದಕ್ಕೆ ಸರಿಹೊಂದಿಸಲು ತೆಳುವಾಗಿದ್ದರೆ ಉಪ್ಪು, ಗಟ್ಟಿಯಾಗಿದ್ದರೆ ನೀರು.

ಸಿಕ್ಕಿಬಿದ್ದದ್ದೂ ಅಲ್ಲೇ. ಕೆಲವು ಮಾದರಿಗಳಲ್ಲಿ ಮನುಷ್ಯನ ಮೂತ್ರದಲ್ಲಿ ಇರಲಾರದಷ್ಟು ಉಪ್ಪು, ಮುಚ್ಚಳದ ಒಳಮೈಯಲ್ಲಿ ಸೂಕ್ಷ್ಮ ಗೀರುಗಳು, ಮಹಿಳಾ ಐಸ್ ಹಾಕಿಯ ಎರಡು ಮಾದರಿಗಳಲ್ಲಿ ಗಂಡಸಿನ ಡಿಎನ್‌ಎ. ವಾಡಾ ನೇಮಿಸಿದ ತನಿಖಾಧಿಕಾರಿ ರಿಚರ್ಡ್ ಮೆಕ್‌ಲಾರೆನ್ 2016ರಲ್ಲಿ ಎರಡು ಕಂತುಗಳಲ್ಲಿ ಕೊಟ್ಟ ವರದಿಯಲ್ಲಿ ಇವೆಲ್ಲ ಇವೆ. ರಾಡ್ಚೆಂಕೋವ್ ಮಾತು ಬರೀ ಆರೋಪವಲ್ಲ ಎಂದು ತೋರಿಸುವುದೇ ಈ ಪುರಾವೆಗಳು. ಚಿತ್ರ ಸೈಕಲ್‌ಗೆ ಕೊಟ್ಟ ಹೊತ್ತನ್ನು ಇವಕ್ಕೆ ಕೊಡಬೇಕಿತ್ತು.

ಇನ್ನೊಂದು ದೊಡ್ಡ ಕೊರತೆ, ಕ್ರೀಡಾಪಟುಗಳ ದನಿ ಇಲ್ಲದಿರುವುದು. ದೇಹದಲ್ಲಿ ಮದ್ದು ಸಿಕ್ಕರೆ ಅದು ಹೇಗೆ ಬಂದರೂ ಹೊಣೆ ಕ್ರೀಡಾಪಟುವಿನದೇ. 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದ ನಮ್ಮ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2011ರಲ್ಲಿ ಸಿಕ್ಕಿಬಿದ್ದಾಗ, ಕೋಚ್ ಕೊಟ್ಟ ಜಿನ್‌ಸೆಂಗ್‌ನಿಂದ ಹೀಗಾಯಿತು ಎಂದು ವಾದಿಸಿದರೂ ನಿಷೇಧ ತಪ್ಪಲಿಲ್ಲ. ಒಂದು ವರ್ಷದ್ದು ಕ್ರೀಡಾ ನ್ಯಾಯಮಂಡಳಿಯಲ್ಲಿ ಎರಡಾಯಿತು. ಸೋಚಿಯಲ್ಲಿ ಯಾರಿಗೆ ಎಷ್ಟು ಗೊತ್ತಿತ್ತು, ಒಲ್ಲೆ ಎಂದವರ ಗತಿ ಏನಾಗುತ್ತಿತ್ತು? ಚಿತ್ರ ಕೇಳುವುದಿಲ್ಲ.

ನೋಡಿದ ಮೇಲೆ ಒಂದು ಸಂಗತಿ ಸೇರಿಸಿಕೊಳ್ಳಿ. 2018ರ ಫೆಬ್ರುವರಿಯಲ್ಲಿ ಅದೇ ನ್ಯಾಯಮಂಡಳಿ, ಸೋಚಿ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ 28 ರಷ್ಯನ್ನರ ಮೇಲ್ಮನವಿ ಎತ್ತಿಹಿಡಿಯಿತು. ಸಂಚು ಇರಲಿಲ್ಲ ಎಂದಲ್ಲ, ಆ ಒಬ್ಬೊಬ್ಬರ ವಿರುದ್ಧದ ಪುರಾವೆ ಸಾಲದು ಎಂದು. ಚಿತ್ರ ಅಷ್ಟರಲ್ಲಿ ತೆರೆಕಂಡಾಗಿತ್ತು.