ಸಣ್ಣ ಅಲೆಗೆ ಯಾವ ಬೋರ್ಡ್? ಫಿಶ್, ಗ್ರಾವೆಲರ್, ಲಾಂಗ್‌ಬೋರ್ಡ್ ತೂಗಿ ನೋಡಿದಾಗ

ಸರ್ಫ್‌ಬೋರ್ಡ್ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಅದರ ಮೇಲೆ ಬರೆದಿರುವ ಲೀಟರ್ ಲೆಕ್ಕಕ್ಕೆ, ಅಂದರೆ ಎಷ್ಟು ತೇಲುತ್ತದೆ ಎಂದು ಹೇಳುವ ಅದರ ಘನ ಗಾತ್ರಕ್ಕೆ. ಮೊಣಕಾಲಿನಿಂದ ಸೊಂಟದೆತ್ತರದವರೆಗಿನ ಅಲೆಗೆ ಈ ಲೆಕ್ಕ ಅರ್ಧ ಸಂಗತಿ ಮಾತ್ರ. 32 ಲೀಟರಿನ ಎರಡು ಬೋರ್ಡುಗಳಲ್ಲಿ ಒಂದು ಸರಾಗವಾಗಿ ಓಡುತ್ತದೆ, ಇನ್ನೊಂದು ನೀರು ತಳ್ಳುತ್ತಾ ನಿಂತುಬಿಡುತ್ತದೆ. ಕಾರಣ ರಾಕರ್, ಅಂದರೆ ಪಕ್ಕದಿಂದ ನೋಡಿದಾಗ ನೋಸಿನಿಂದ (ಮುಂತುದಿ) ಟೇಲ್‌ವರೆಗೆ (ಹಿಂತುದಿ) ಕಾಣುವ ಬಾಗು. ಸಣ್ಣ ಅಲೆಯಲ್ಲಿ ಇಳಿಜಾರೂ ಕಡಿಮೆ, ನೂಕುವ ಬಲವೂ ಕಡಿಮೆ. ಬಾಗು ಹೆಚ್ಚಾದಷ್ಟೂ ಬೋರ್ಡ್ ನೀರಿನ ಮೇಲೆ ಜಾರುವ ಬದಲು ನೀರನ್ನು ಉಳುತ್ತದೆ. ಅಂಗಡಿಯಲ್ಲಿ ಎರಡು ಬೋರ್ಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನೋಸ್ ತುಸುವೇ ಎದ್ದು, ನಡುಭಾಗ ಹೆಚ್ಚುಕಡಿಮೆ ಸಪಾಟಾಗಿರುವುದೇ ಇಲ್ಲಿ ಬೇಕಾದದ್ದು.

ಈ ಕೆಲಸಕ್ಕೆ ನಮ್ಮ ಮೊದಲ ಆಯ್ಕೆ ಫಿಶ್. 1960ರ ದಶಕದ ಕೊನೆಯಲ್ಲಿ ಸ್ಯಾನ್ ಡಿಯಾಗೋದ ಸ್ಟೀವ್ ಲಿಸ್ ಮೊಣಕಾಲೂರಿ ಸವಾರಿ ಮಾಡಲೆಂದು ರೂಪಿಸಿದ ಆಕಾರ ಇದು. ಉದ್ದ ಸಾಮಾನ್ಯವಾಗಿ 5 ಅಡಿ 4 ಇಂಚಿನಿಂದ 5 ಅಡಿ 10 ಇಂಚು, ಅಗಲ 20.5ರಿಂದ 22 ಇಂಚು, ಸೀಳಿದ ಟೇಲ್, ತಳದಲ್ಲಿ ಎರಡು ಕೀಲ್ ಫಿನ್ (ಉದ್ದ ಬುಡದ ರೆಕ್ಕೆಗಳು). ನಡುವಿನ ಫಿನ್ ಇಲ್ಲದ್ದರಿಂದ ನೀರಿನ ಎಳೆತ ಕಡಿಮೆ, ಅಗಲವಾದ ಟೇಲ್ ಕೆಳಗಿನಿಂದ ಎತ್ತಿ ಹಿಡಿಯುತ್ತದೆ. ಅಲೆ ಸಪ್ಪೆಯಾದ ಜಾಗವನ್ನೂ ದಾಟಿಸುವುದು ಇವೆರಡೇ. ಆದರೆ ಶಾರ್ಟ್‌ಬೋರ್ಡಿನಂತೆ (ಚುರುಕು ತಿರುವಿನ ಗಿಡ್ಡ, ಕಿರಿದಾದ ಬೋರ್ಡ್) ಇದನ್ನು ಮೇಲೆ ಕೆಳಗೆ ಕುಣಿಸಿ ಪಂಪ್ ಮಾಡಿದರೆ ವೇಗ ಸತ್ತುಹೋಗುತ್ತದೆ. ಮುಂಗಾಲಿಗೆ ಭಾರ ಕೊಟ್ಟು ಓಡಲು ಬಿಡಬೇಕು. ಕಡಿದಾದ ಅಲೆಯಲ್ಲಿ ನೇರ ಮೇಲಕ್ಕೆ ತಿರುಗಿಸುವುದು ಕಷ್ಟ, ಅದರಲ್ಲೂ ಅಲೆಗೆ ಬೆನ್ನು ಮಾಡಿ ಸಾಗುವಾಗ.

ಚುರುಕಾದ ತಿರುವುಗಳೇ ಬೇಕೆನ್ನುವವರಿಗೆ ಗ್ರಾವೆಲರ್, ಅಂದರೆ ಬಲವಿಲ್ಲದ ಅಲೆಗೆಂದೇ ಮಾಡಿದ ಶಾರ್ಟ್‌ಬೋರ್ಡ್. ನಿಮ್ಮ ದಿನಬಳಕೆಯ ಶಾರ್ಟ್‌ಬೋರ್ಡಿಗಿಂತ ಉದ್ದ 2ರಿಂದ 4 ಇಂಚು ಕಡಿಮೆ, ಅಗಲ ಅರ್ಧದಿಂದ ಒಂದು ಇಂಚು ಹೆಚ್ಚು, ಗಾತ್ರ 2–3 ಲೀಟರ್ ಹೆಚ್ಚು ಇರಲಿ. ಐದು ಫಿನ್ ಬಾಕ್ಸ್ (ಫಿನ್ ಸಿಕ್ಕಿಸುವ ಗೂಡು) ಇರುವುದನ್ನೇ ಆರಿಸಿ: ಅಲೆ ತೀರಾ ಬಡಕಲಾಗಿದ್ದರೆ ನಾಲ್ಕು ಫಿನ್, ತುಸು ಬಲ ಬಂದರೆ ಮೂರು. ಅಲೆ ಎದೆಮಟ್ಟ ದಾಟಿದ ಮೇಲೆ ಈ ಅಗಲ ಟೇಲ್ ಹಿಡಿತಕ್ಕೆ ಸಿಗದೆ ಜಾರುತ್ತದೆ.

ಲೀಟರ್ ಜಾಸ್ತಿಯಾದರೆ ಒಳ್ಳೆಯದೇ ಅಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಆ ದಪ್ಪ ಎಲ್ಲಿ ಸೇರಿದೆ ಎಂಬುದು ಮುಖ್ಯ. ಎದೆಯ ಕೆಳಗಿದ್ದರೆ ಪ್ಯಾಡ್ಲಿಂಗ್ (ಮಲಗಿ ಕೈಯಿಂದ ಹುಟ್ಟು ಹಾಕುವುದು) ಹಗುರ. ರೈಲ್‌ಗಳಲ್ಲಿ, ಅಂದರೆ ಪಕ್ಕದ ಅಂಚುಗಳಲ್ಲಿ ತುಂಬಿಕೊಂಡಿದ್ದರೆ ತಿರುಗುವಾಗ ಅಂಚು ನೀರಿಗಿಳಿಯುವುದೇ ಇಲ್ಲ, ಡಕ್ ಡೈವ್ (ಬೋರ್ಡ್ ಮುಳುಗಿಸಿ ಅಲೆಯಡಿ ನುಸುಳುವುದು) ಕೂಡ ಆಗದು.

ಮೊಣಕಾಲೆತ್ತರದ, ನಿಧಾನಕ್ಕೆ ಮುರಿಯುವ ಅಲೆಗೆ 9 ಅಡಿಯ ಲಾಂಗ್‌ಬೋರ್ಡಿಗೆ ಸಾಟಿಯಿಲ್ಲ, ಚರ್ಚೆಯೇ ಬೇಡ. ದಡದಲ್ಲೇ ಒಮ್ಮೆಗೇ ಕುಸಿಯುವ ಅಲೆಯಲ್ಲಿ ಮಾತ್ರ ಅದರ ನೋಸ್ ನೀರಿಗೆ ಚುಚ್ಚಿಕೊಳ್ಳುತ್ತದೆ. ಹೊಸಬರಿಗೆ 8 ಅಡಿಯ ಸಾಫ್ಟ್‌ಟಾಪ್ (ಮೆತ್ತನೆಯ ಫೋಮ್ ಮೇಲ್ಮೈಯ ಬೋರ್ಡ್) ಸಾಕು. ಅವರು ಫಿಶ್ ಕೊಂಡರೆ ಎದ್ದು ನಿಲ್ಲುವುದನ್ನು ಕಲಿಯುವುದೇ ತಡವಾಗುತ್ತದೆ.

ವಸ್ತುವಿನ ವಿಷಯದಲ್ಲಿ ಇಪಿಎಸ್ (ಥರ್ಮಾಕೋಲ್ ಜಾತಿಯ ಪಾಲಿಸ್ಟೈರೀನ್) ಫೋಮ್‌ಗೆ ಎಪಾಕ್ಸಿ ರೆಸಿನ್ ಹೊದಿಸಿದ್ದು ಹಗುರ, ನೀರಿನ ಮೇಲೆ ಎತ್ತರಕ್ಕೆ ತೇಲುತ್ತದೆ, ಬಲವಿಲ್ಲದ ಅಲೆಗೆ ಹೊಂದುತ್ತದೆ. ಗಾಳಿ ಎದ್ದು ನೀರು ಕದಡಿದಾಗ ಪುಟಿಯುತ್ತದೆ, ಆಗ ತುಸು ಭಾರದ ಪಿಯು (ಪಾಲಿಯುರೆಥೇನ್ ಫೋಮಿನ) ಬೋರ್ಡೇ ಮೇಲು. ಇಪಿಎಸ್ ಬಿರುಕು ಬಿಟ್ಟರೆ ನೀರು ಕುಡಿಯುತ್ತದೆ. ತಕ್ಷಣ ದಡಕ್ಕೆ ತಂದು, ಪೂರ್ತಿ ಒಣಗಿಸಿ, ಎಪಾಕ್ಸಿಯಿಂದಲೇ ಮುಚ್ಚಬೇಕು. ಪಾಲಿಯೆಸ್ಟರ್ ರೆಸಿನ್ ಹಚ್ಚಿದರೆ ಅದರಲ್ಲಿರುವ ಸ್ಟೈರೀನ್ ಫೋಮನ್ನೇ ಕರಗಿಸಿಬಿಡುತ್ತದೆ. ಸೆಕೆಂಡ್ ಹ್ಯಾಂಡ್ ಬೋರ್ಡಾದರೆ ಹಿಂಗಾಲು ಊರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಹೊರಗಿನ ಫೈಬರ್‌ಗ್ಲಾಸ್ ಪದರ ಫೋಮಿನಿಂದ ಬಿಟ್ಟಿದೆ ಎಂದರ್ಥ. ಫಿನ್ ಬಾಕ್ಸ್ ಸುತ್ತ ಕೂದಲೆಳೆ ಬಿರುಕಿದ್ದರೂ ಬೆಲೆ ಇಳಿಸಲು ಕೇಳಿ, ಬಾಕ್ಸೇ ಅಲುಗಾಡಿದರೆ ಬಿಟ್ಟುಬಿಡಿ.